ಹಿತ್ತಲ ಮರಕ್ಕೆ ನಸುಗುನ್ನಿ ಹಬ್ಬಿದೆಯೇ? ಕತ್ತಿ ಹಿಡಿಯುವ ಮೊದಲು ತಿಂಗಳು ನೋಡಿ

ಅಪ್ಪೆಮಿಡಿ ಕೊಯ್ಲಿನ ದಿನ ನಾನು ಮಾಡಿದ ಒಂದು ತಪ್ಪಿನಿಂದ ಈ ವಾರದ ಬರಹ ಶುರು ಮಾಡ್ತೀನಿ. ಹೇಳಿಕೊಳ್ಳೋಕೆ ಹೆಮ್ಮೆಯ ವಿಷಯ ಅಲ್ಲ. ಆದರೆ ನಿಮ್ಮ ಹಿತ್ತಲಲ್ಲೂ ಇದೇ ಬಳ್ಳಿ ಇರಬಹುದು, ನೀವೂ ನನ್ನ ಹಾಗೇ ಅವಸರದಲ್ಲಿರಬಹುದು. ಅದಕ್ಕೇ ಬರೀತಿದ್ದೀನಿ.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮನೆ ಹಿಂದೆ ಅಜ್ಜನ ಕಾಲದ ಅಪ್ಪೆಮಿಡಿ ಮರ. ಮಲೆನಾಡಿನವರಿಗೆ ಗೊತ್ತು, ಉಪ್ಪಿನಕಾಯಿ ಮಿಡಿಯನ್ನು ಬಡಿದು ಬೀಳಿಸುವ ಹಾಗಿಲ್ಲ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆಯುತ್ತೆ. ಮರ ಹತ್ತಿ, ತೊಟ್ಟು ಸಮೇತ ಕೈಯಲ್ಲೇ ಕೊಯ್ದು, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸಬೇಕು. ನಮ್ಮ ಮರಕ್ಕೆ ಪ್ರತಿ ವರ್ಷ ಹತ್ತುವವರು ಊರಿನ ಒಬ್ಬ ಅಣ್ಣ. ಐವತ್ತು ದಾಟಿದೆ, ಆದರೂ ಮರದ ಮೇಲೆ ಅವರ ಕೈಕಾಲು ಬಲು ಚುರುಕು.

ಆ ವರ್ಷ ಮಾರ್ಚ್ ಮೊದಲ ವಾರ. ಮರದ ಪೂರ್ವದ ಕಡೆಗೆ ಒಂದು ಬಳ್ಳಿ ಹಬ್ಬಿತ್ತು. ಎಲೆ ಅರ್ಧ ಒಣಗಿ, ಗೊಂಚಲು ಗೊಂಚಲಾಗಿ ಕಂದು ಬಣ್ಣದ ಕಾಯಿ ನೇತಾಡ್ತಿದ್ದವು. ಅಣ್ಣ ಬುಡದಲ್ಲೇ ನಿಂತು ತಲೆ ಎತ್ತಿ ನೋಡಿ, "ಮೇಲೆ ನಸುಗುನ್ನಿ ಐತೆ ಕಣಾ ತಮ್ಮಾ. ಮೊದ್ಲು ಅದನ್ನ ತೆಗ್ಸು, ಆಮ್ಯಾಲೆ ಹತ್ತಾನ" ಅಂದರು. ಮಿಡಿ ಕೊಳ್ಳುವವರು ಮಧ್ಯಾಹ್ನಕ್ಕೆ ಬರ್ತೀನಿ ಅಂತ ಫೋನ್ ಮಾಡಿದ್ದರು. ನಾನು, "ಆ ಕಡೆ ಕೊಂಬೆಗೆ ಹೋಗ್ಬೇಡ ಅಣ್ಣಾ, ಈ ಕಡೆದಷ್ಟೇ ಕೊಯ್ದು ಇಳಿದುಬಿಡು" ಅಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಮಾತಾಡದೆ ಹತ್ತಿದರು.

ಹತ್ತು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಬಳ್ಳಿಯ ಹತ್ತಿರವೂ ಅವರು ಹೋಗಿರಲಿಲ್ಲ. ಒಣಗಿದ ಕಾಯಿ ಒಂದಕ್ಕೊಂದು ತಿಕ್ಕಿ ಅದರ ರೋಮ ಗಾಳಿಯಲ್ಲಿ ಬಂತು, ಕುತ್ತಿಗೆಗೆ, ಬೆನ್ನಿಗೆ, ತೋಳಿಗೆ. ನಸುಗುನ್ನಿ ತಾಗಿದವರಿಗೆ ಗೊತ್ತು, ಆ ತುರಿಕೆಯಲ್ಲಿ ಮನುಷ್ಯನಿಗೆ ತಾನು ಎಲ್ಲಿದ್ದೀನಿ ಅನ್ನೋದೇ ಮರೆತುಹೋಗುತ್ತೆ. ಕೆರೆದುಕೊಳ್ಳೋಕೆ ಎರಡೂ ಕೈ ಬಿಟ್ಟರು. ಸುಮಾರು ಹನ್ನೆರಡು ಅಡಿ ಮೇಲಿಂದ ಬಿದ್ದರು.

ಜೀವಕ್ಕೆ ಅಪಾಯ ಆಗಲಿಲ್ಲ. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆ ಖರ್ಚು ನಾವು ಕೊಟ್ಟೆವು. ಆದರೆ ಮಿಡಿ ಕೊಯ್ಲಿನ ಕಾಲದ ದುಡಿಮೆ ಪೂರ್ತಿ ಹೋಯಿತು, ಅದೇ ಅವರಿಗೆ ವರ್ಷದ ದೊಡ್ಡ ಸಂಪಾದನೆ. ಆ ಬಳ್ಳಿಯನ್ನು ಎಂಟು ತಿಂಗಳ ಹಿಂದೆ, ಅದು ಎರಡು ಎಲೆಯ ಸಸಿಯಾಗಿದ್ದಾಗ, ನಾನು ಬರಿಗೈಯಲ್ಲಿ ಕಿತ್ತು ಎಸೆಯಬಹುದಿತ್ತು.

ಬಳ್ಳಿಯಲ್ಲಿ ವಿಷ ಎಲ್ಲಿದೆ?

ನಸುಗುನ್ನಿ ಅವರೆ, ಹೆಸರಿನ ಕುಟುಂಬದ್ದೇ ಬಳ್ಳಿ. ಆಯುರ್ವೇದದಲ್ಲಿ ಕಪಿಕಚ್ಚು, ಆತ್ಮಗುಪ್ತ ಅಂತ ಕರೀತಾರೆ. ಗುರುತು ಹೀಗೆ:

- ಒಂದು ತೊಟ್ಟಿಗೆ ಮೂರು ಎಲೆ. ಪಕ್ಕದ ಎರಡು ಎಲೆ ಸಮನಾಗಿರದೆ ಒಂದು ಕಡೆಗೆ ಉಬ್ಬಿರುತ್ತವೆ.
- ಹೂವು ಕಡು ನೇರಳೆ, ಗೊಂಚಲಾಗಿ ಕೆಳಗೆ ಇಳಿಬೀಳುತ್ತೆ.
- ಕಾಯಿ ಸುಮಾರು ಬೆರಳುದ್ದ, ಇಂಗ್ಲಿಷಿನ 'ಎಸ್' ಅಕ್ಷರದ ಹಾಗೆ ಬಾಗಿರುತ್ತೆ. ಮೈತುಂಬ ಹೊನ್ನುಗಂದು ಬಣ್ಣದ ರೋಮ.

ತೊಂದರೆ ಕೊಡೋದು ಮುಖ್ಯವಾಗಿ ಕಾಯಿ ಮೇಲಿನ ಈ ರೋಮ. ಸೂಜಿಯ ಹಾಗೆ ಚರ್ಮಕ್ಕೆ ಚುಚ್ಚಿಕೊಳ್ಳುತ್ತೆ. ಅದರಲ್ಲಿರುವ ಮ್ಯೂಕುನೈನ್ ಅನ್ನುವ ಪ್ರೋಟೀನ್ ನರಗಳನ್ನು ಕೆರಳಿಸುತ್ತೆ. ಇಲ್ಲೊಂದು ವಿಷಯ ತಿಳ್ಕೊಂಡಿರಿ. ಸೊಳ್ಳೆ ಕಚ್ಚಿದಾಗ ಆಗುವ ತುರಿಕೆ ಬಹುಮಟ್ಟಿಗೆ ನಮ್ಮ ದೇಹದ ಹಿಸ್ಟಮಿನ್‌ನಿಂದ. ನಸುಗುನ್ನಿಯದ್ದು ಬೇರೆ ದಾರಿ. ಹಾಗಾಗಿ ಅಲರ್ಜಿ ಮಾತ್ರೆ ಒಂದನ್ನು ನುಂಗಿ ಕೂತರೆ ಬೇಗ ನಿಲ್ಲೋದಿಲ್ಲ. ರೋಮ ತೆಗೆಯೋದೇ ಮೊದಲ ಚಿಕಿತ್ಸೆ.

ಇನ್ನೊಂದು ಎಚ್ಚರಿಕೆ, ಮೊಬೈಲ್ ನೋಡುವ ನಮ್ಮಂಥವರಿಗೆ. ವಿಷದ ಬಳ್ಳಿ ತೆಗೆಯೋದು ಹೇಗೆ ಅಂತ ಇಂಗ್ಲಿಷಿನಲ್ಲಿ ಹುಡುಕಿದರೆ ಬರೋದೆಲ್ಲ ಅಮೆರಿಕದವರ ಪಾಯ್ಸನ್ ಐವಿ ವಿಡಿಯೋಗಳು. ಅದಕ್ಕೂ ಮೂರೆಲೆ, ಆದರೆ ಅದು ಉತ್ತರ ಅಮೆರಿಕದ ಬಳ್ಳಿ, ಮಾವು-ಗೇರಿನ ಕುಟುಂಬಕ್ಕೆ ಸೇರಿದ್ದು. ಅದರ ಎಲೆ, ಕಾಂಡ, ಬೇರು ಎಲ್ಲದರಲ್ಲೂ ಎಣ್ಣೆಯಂಥ ವಿಷ ಇರುತ್ತೆ, ವರ್ಷದ ಯಾವ ತಿಂಗಳಲ್ಲಿ ಮುಟ್ಟಿದರೂ ತೊಂದರೆಯೇ. ನಮ್ಮ ನಸುಗುನ್ನಿ ಹಾಗಲ್ಲ. ಕಾಯಿ ಬಿಡುವ ಮೊದಲು ಸಾಧಾರಣ ಕಳೆ, ಕಾಯಿ ಬಲಿತ ಮೇಲೆ ಮದ್ದಿನ ಪೊಟ್ಟಣ. ಅದಕ್ಕೇ ಕತ್ತಿಗಿಂತ ಮೊದಲು ಕ್ಯಾಲೆಂಡರ್ ನೋಡಿ ಅನ್ನೋದು.

ಯಾವ ತಿಂಗಳು ಏನು ಮಾಡಬೇಕು?

ಜೂನ್‌ನಿಂದ ಆಗಸ್ಟ್: ಮಳೆ ಬಿದ್ದ ಕೂಡಲೇ ಹಳೇ ಬೀಜ ಮೊಳೆಯುತ್ತೆ. ಇದೇ ಅತಿ ಸುಲಭದ ಕಾಲ. ಮಣ್ಣು ಮೆತ್ತಗಿರುತ್ತೆ, ಬೇರು ಸಮೇತ ಕಿತ್ತು ಬರುತ್ತೆ. ಕಾಯಿ ಇಲ್ಲ, ರೋಮದ ಭಯ ಇಲ್ಲ. ಆದರೂ ಕೈಗವಸು ಹಾಕ್ಕೊಳ್ಳಿ. ಪೊದೆಯೊಳಗೆ ಹೋದ ವರ್ಷದ ಒಣ ಸಿಪ್ಪೆ ಉಳಿದಿರಬಹುದು, ಹಾವೂ ಇರಬಹುದು.

ಸೆಪ್ಟೆಂಬರ್‌ನಿಂದ ನವೆಂಬರ್, ಹೂವಿನ ಹೊತ್ತು: ಬಳ್ಳಿ ಮರದ ತುದಿ ಮುಟ್ಟಿರುತ್ತೆ. ಕಾಯಿ ಕಟ್ಟಿಲ್ಲ ಅಂತ ಖಾತ್ರಿ ಮಾಡ್ಕೊಂಡು ಬುಡದಲ್ಲಿ ಒಂದು ಸಲ, ಎದೆ ಎತ್ತರದಲ್ಲಿ ಒಂದು ಸಲ ಕಡಿದು, ನಡುವಿನ ತುಂಡು ತೆಗೆದುಬಿಡಿ. ಬೇರು ಕೀಳಿ. ಮೇಲಿನ ಬಳ್ಳಿಯನ್ನು ಎಳೆಯೋಕೆ ಹೋಗ್ಬೇಡಿ. ಎಳೆದರೆ ಒಣಕೊಂಬೆ ತಲೆ ಮೇಲೆ ಬರುತ್ತೆ, ಕಡಜದ ಗೂಡು ಬರುತ್ತೆ, ಚಗಳಿ ಕೊಟ್ಟೆ ಬರುತ್ತೆ. ಅದರ ಪಾಡಿಗೆ ಒಣಗಿ ಉದುರಲಿ.

ಡಿಸೆಂಬರ್‌ನಿಂದ ಮಾರ್ಚ್, ಕಾಯಿಯ ಕಾಲ: ಇದು ಅಪಾಯದ ಹೊತ್ತು. ಈಗ ಬುಡ ಕಡಿದು ಬಿಟ್ಟರೆ ಬಳ್ಳಿ ಬೇಗ ಒಣಗಿ ರೋಮ ಉದುರೋದು ಇನ್ನೂ ಹೆಚ್ಚಾಗುತ್ತೆ. ಮೊದಲು ಕಾಯಿ ಇಳಿಸಬೇಕು, ಆಮೇಲೆ ಬಳ್ಳಿ.

ಊರಿನಿಂದ ಊರಿಗೆ, ಮಳೆಯಿಂದ ಮಳೆಗೆ ಇದು ಎರಡು ಮೂರು ವಾರ ಹಿಂದೆ ಮುಂದೆ ಆಗುತ್ತೆ. ತಿಂಗಳು ಅಂದಾಜಿಗೆ ಮಾತ್ರ. ಕೊನೇ ಮಾತು ಮರದ ಮೇಲೆ ನೇತಾಡೋ ಕಾಯಿಯದ್ದೇ.

ಕಾಯಿ ಬಲಿತಿದ್ದರೆ ಇಳಿಸುವ ಕ್ರಮ

ಅಪಘಾತ ಆದ ಮೂರನೇ ದಿನ ನಾನೂ ಅಪ್ಪಯ್ಯನೂ ಸೇರಿ ಆ ಬಳ್ಳಿ ತೆಗೆದೆವು. ಎರಡು ಬೆಳಗ್ಗೆ ಹಿಡಿಯಿತು. ಮಾಡಿದ್ದು ಹೀಗೆ.

1. ಹೊತ್ತು. ಬೆಳಗ್ಗೆ ಇಬ್ಬನಿ ಆರುವ ಮೊದಲು, ಗಾಳಿ ಇಲ್ಲದ ಹೊತ್ತಿಗೆ ಶುರು. ಗಾಳಿ ಎದ್ದ ಕೂಡಲೇ ನಿಲ್ಲಿಸೋದು. ಮನೆಯ ಮಕ್ಕಳು, ದನಕರು, ನಾಯಿ ಆ ಕಡೆ ಬರದ ಹಾಗೆ ನೋಡ್ಕೊಳ್ಳಿ. ಒಗೆದು ಹರವಿದ ಬಟ್ಟೆ, ಬಾವಿ, ಒಣಹಾಕಿದ ಹಪ್ಪಳ ಹತ್ತಿರದಲ್ಲಿದ್ದರೆ ತೆಗೆಯಿರಿ ಅಥವಾ ಮುಚ್ಚಿ.

2. ಬಟ್ಟೆ. ಹತ್ತಿ ಅಂಗಿಗೆ, ಸ್ವೆಟರಿಗೆ ರೋಮ ಅಂಟಿ ಕೂತುಬಿಡುತ್ತೆ. ಮಳೆಗಾಲದ ಪ್ಲಾಸ್ಟಿಕ್ ರೇನ್‌ಕೋಟ್ ಪ್ಯಾಂಟ್ ಸಮೇತ ಹಾಕಿ. ನುಣುಪಾದ ಮೇಲ್ಮೈ, ನೀರು ಬಿಟ್ಟರೆ ತೊಳೆದುಹೋಗುತ್ತೆ. ರಬ್ಬರ್ ಕೈಗವಸು, ಗಮ್‌ಬೂಟು, ಮಾಸ್ಕ್, ಬದಿ ಮುಚ್ಚಿದ ಕನ್ನಡಕ. ಕೈಗವಸಿನ ಬಾಯಿ ತೋಳಿನ ಮೇಲೆ ಬರಲಿ, ದಾರ ಕಟ್ಟಿ. ಕಣ್ಣಿನ ವಿಷಯದಲ್ಲಿ ಮಾತ್ರ ಉಡಾಫೆ ಬೇಡ.

3. ನೆನೆಸೋದು. ನಮ್ಮ ಉಪಾಯದಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಇದು. ಅಡಿಕೆಗೆ ಬೋರ್ಡೋ ಹೊಡೆಯುವ ಪಂಪ್ ಮನೆಯಲ್ಲಿತ್ತು. ಚೆನ್ನಾಗಿ ತೊಳೆದು ಬರೀ ನೀರು ತುಂಬಿ ಕಾಯಿ ಗೊಂಚಲಿಗೆ ಹೊಡೆದೆವು. ಒಮ್ಮೆಲೇ ಜೋರಾಗಿ ಹೊಡೆದರೆ ಕಾಯಿ ಅಲುಗಾಡಿ ರೋಮ ಹಾರುತ್ತೆ. ಮೊದಲು ಮಂಜಿನ ಹಾಗೆ ಸಣ್ಣಗೆ, ಒದ್ದೆಯಾದ ಮೇಲೆ ಧಾರಾಳವಾಗಿ. ಒದ್ದೆ ರೋಮ ಹಾರೋದಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತೋ ಆ ಕಡೆಯೇ ನಿಂತು ಹೊಡೆಯಿರಿ. ಗೊಂಚಲಿನ ನೇರ ಕೆಳಗೆ ಯಾರೂ ನಿಲ್ಲಬಾರದು. ಕರೆಂಟ್ ತಂತಿ ಹತ್ತಿರ ಇದ್ದರೆ ನೀರು ಹೊಡೆಯೋದೂ ಬೇಡ, ದೋಟಿ ಎತ್ತೋದೂ ಬೇಡ. ಮೊದಲು ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿ.

4. ಕೊಯ್ಯೋದು. ಮರ ಹತ್ತಲೇಬೇಡಿ. ಉದ್ದ ದೋಟಿಗೆ ಕತ್ತಿ ಕಟ್ಟಿ, ಕೆಳಗೆ ಟಾರ್ಪಾಲು ಹಾಸಿ, ಗೊಂಚಲನ್ನು ತೊಟ್ಟಿನ ಹತ್ತಿರ ಕೊಯ್ದು ಬೀಳಿಸಿ. ಬಿದ್ದದ್ದಕ್ಕೆ ಮತ್ತೆ ನೀರು. ಇಕ್ಕಳದಲ್ಲೋ ಉದ್ದ ಕೋಲಿನಲ್ಲೋ ಎತ್ತಿ ಸಿಮೆಂಟ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ದೋಟಿಗೆ ಎಟುಕದ ಎತ್ತರದಲ್ಲಿ ಇದ್ದರೆ ಆ ವರ್ಷ ಮರದ ತಂಟೆಗೆ ಹೋಗಬೇಡಿ. ಒಂದು ವರ್ಷದ ಮಿಡಿ ಹೋದರೆ ಹೋಗಲಿ. ಮಳೆ ಹಿಡಿದ ಮೇಲೆ ಬುಡದ ಸುತ್ತ ಹುಟ್ಟುವ ಸಸಿ ಕಿತ್ತರಾಯಿತು.

5. ಹೂಳೋದು. ಸುಡಬೇಡಿ. ಬೆಂಕಿಯ ಬಿಸಿ ಗಾಳಿಗೆ ರೋಮ ಮೇಲೆದ್ದು ಮನೆಯೊಳಗೇ ಬರುತ್ತೆ, ಕಣ್ಣಿಗೆ, ಮೂಗಿಗೆ, ಗಂಟಲಿಗೆ ಹೋಗುತ್ತೆ. ಗೊಬ್ಬರದ ಗುಂಡಿಗೂ ಬೇಡ, ಬೀಜ ತೋಟಕ್ಕೆಲ್ಲ ಹರಡುತ್ತೆ. ಎರಡು ಮೂರು ಅಡಿ ಗುಂಡಿ ತೆಗೆದು, ಕಾಯಿ ಸುರಿದು, ಮಣ್ಣು ಮುಚ್ಚಿ ತುಳಿಯಿರಿ.

6. ತೊಳೆಯೋದು. ರೇನ್‌ಕೋಟ್ ಬಿಚ್ಚುವ ಮೊದಲೇ ಅದರ ಮೇಲೆ ನೀರು ಹೊಯ್ಸಿಕೊಳ್ಳಿ. ಕತ್ತಿ, ದೋಟಿ, ಟಾರ್ಪಾಲು ಎಲ್ಲ ತೊಳೆಯಬೇಕು. ಒಳಗಿನ ಬಟ್ಟೆ ಮನೆಯವರ ಬಟ್ಟೆ ಜೊತೆ ಹಾಕದೆ ಬೇರೆ ಒಗೆಯಿರಿ.

ಬುಡ ಯಾವುದು ಅಂತ ನೋಡಿ ಕಡಿಯಿರಿ

ನಮ್ಮ ಮರದ ಮೇಲೆ ನಸುಗುನ್ನಿ ಜೊತೆ ಎರಡು ಕಾಳುಮೆಣಸಿನ ಬಳ್ಳಿ, ಒಂದು ಅಮೃತಬಳ್ಳಿಯೂ ಇದ್ದವು. ಗಡಿಬಿಡಿಯಲ್ಲಿ ಕತ್ತಿ ಬೀಸಿ ಹತ್ತು ವರ್ಷದ ಮೆಣಸಿನ ಬಳ್ಳಿ ಕಳ್ಕೊಂಡವರನ್ನು ನೋಡಿದ್ದೀನಿ. ಮೇಲೆ ಎಲೆ ನೋಡಿ, ಅಲ್ಲಿಂದ ಕಾಂಡ ಹಿಡಿದು ಕಣ್ಣಲ್ಲೇ ಕೆಳಗೆ ಬನ್ನಿ. ಬುಡ ಖಾತ್ರಿಯಾದ ಮೇಲೆ ಕೆಂಪು ಬಟ್ಟೆ ಚೂರು ಕಟ್ಟಿ. ಕಟ್ಟಿದ್ದನ್ನು ಮಾತ್ರ ಕಡಿಯಿರಿ.

ಕಳೆನಾಶಕ ಹೊಡೆದುಬಿಡೋಣ ಅನ್ನೋ ಯೋಚನೆ ಬರುತ್ತೆ. ಮರಕ್ಕೆ ಸುತ್ತಿಕೊಂಡ ಬಳ್ಳಿಗೆ ಹೊಡೆದದ್ದು ಮರದ ಚಿಗುರಿಗೂ ಮೆಣಸಿಗೂ ತಾಗುತ್ತೆ. ಗ್ಲೈಫೋಸೇಟ್ ಬಳಕೆಯನ್ನಂತೂ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಪರವಾನಗಿ ಇರುವ ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತ ಮಾಡಿ ಆದೇಶ ಹೊರಡಿಸಿದೆ. ವರ್ಷದ ಬಳ್ಳಿಗೆ ಜೂನ್ ತಿಂಗಳ ಎರಡು ಬೆರಳು ಸಾಕು, ಔಷಧಿ ಯಾಕೆ?

ತಾಗಿದರೆ ಏನು ಮಾಡಬೇಕು?

ಕೆರೆಯಬೇಡಿ, ಉಜ್ಜಬೇಡಿ. ಹೇಳೋದು ಸುಲಭ, ಗೊತ್ತು. ಆದರೆ ಕೆರೆದಷ್ಟೂ ರೋಮ ಮುರಿದು ಒಳಗೆ ಹೋಗುತ್ತೆ, ಉಗುರಿಗೆ ಅಂಟಿ ಬೇರೆ ಕಡೆಗೂ ಹರಡುತ್ತೆ.

- ಬಟ್ಟೆ ಬಿಚ್ಚಿ. ಒಣ ಚರ್ಮಕ್ಕೆ ಅಗಲದ ಅಂಟುಟೇಪ್ ಮೆತ್ತಗೆ ಒತ್ತಿ ಎತ್ತಿ. ಪ್ರತಿ ಸಲ ಹೊಸ ತುಂಡು. ರೋಮ ಟೇಪಿಗೆ ಬರುತ್ತೆ.
- ಆಮೇಲೆ ಹರಿಯುವ ತಣ್ಣೀರು, ಸೋಪು. ಟವೆಲಿನಲ್ಲಿ ತಿಕ್ಕಬೇಡಿ.
- ಉರಿಗೆ ಕ್ಯಾಲಮೈನ್ ಲೋಷನ್, ತಣ್ಣೀರು ಬಟ್ಟೆ.
- ಕಣ್ಣಿಗೆ ಹೋದರೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ, ನೇರ ಕಣ್ಣಿನ ಡಾಕ್ಟರ ಹತ್ತಿರ.
- ಉಸಿರಾಟಕ್ಕೆ ಕಷ್ಟ, ಮುಖ ಊತ, ಮೈಯೆಲ್ಲ ದದ್ದು ಬಂದರೆ ಕಾಯದೆ 108ಕ್ಕೆ ಕರೆ ಮಾಡಿ.

ನಮ್ಮ ಅಜ್ಜಿ ಆ ದಿನ ಸಗಣಿ ಹಿಡ್ಕೊಂಡೇ ಓಡಿ ಬಂದರು. ಸಗಣಿ ಹಚ್ಚಿ ಒಣಗಿಸಿ ಕಿತ್ತರೆ ಅದರ ಜೊತೆ ರೋಮವೂ ಬರುತ್ತೆ ಅನ್ನೋದು ಹಳಬರ ಲೆಕ್ಕ. ತರ್ಕ ಟೇಪಿನದ್ದೇ. ಆದರೆ ಕೆರೆದು ಗಾಯವಾದ ಚರ್ಮಕ್ಕೆ ಸಗಣಿ ತಾಗಿದರೆ ಧನುರ್ವಾಯುವಿನ ಭಯ ಇದೆ. "ಅಜ್ಜೀ, ನಿನ್ನ ಲೆಕ್ಕ ಸರಿ, ಸಗಣಿ ಬದಲು ಟೇಪು ಅಷ್ಟೇ" ಅಂತ ಹೇಳಿದ ಮೇಲೆ ಅವರೂ ಒಪ್ಪಿದರು.

ಅದೇ ಬೇಲಿಯಲ್ಲಿ ಇನ್ನೆರಡು

ಬಳ್ಳಿ ತೆಗೆಯುವಾಗ ಅಕ್ಕನ ಮಗಳು, ಐದು ವರ್ಷದವಳು, ಅಂಗೈ ತುಂಬ ಕೆಂಪು ಮಣಿ ತಂದು ತೋರಿಸಿದಳು. ಗುಲಗಂಜಿ. ನನ್ನ ಎದೆ ಧಸಕ್ಕೆಂದಿತು. ನಸುಗುನ್ನಿ ನರಳಿಸುತ್ತೆ, ಗುಲಗಂಜಿ ಜೀವಕ್ಕೇ ಕುತ್ತು. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಈ ಬೀಜದೊಳಗೆ ಅಬ್ರಿನ್ ಅನ್ನುವ ಘೋರ ವಿಷ ಇದೆ. ಸಿಪ್ಪೆ ಗಟ್ಟಿ ಇರೋದರಿಂದ ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗಬಹುದು. ಅಗಿದರೆ, ತೂತು ಮಾಡಿದ್ದನ್ನು ನುಂಗಿದರೆ ಅಪಾಯ. ವಾಂತಿ, ಭೇದಿ ಶುರುವಾಗೋಕೆ ಹಲವು ಗಂಟೆ, ಒಮ್ಮೊಮ್ಮೆ ಒಂದು ದಿನಕ್ಕಿಂತ ಹೆಚ್ಚೇ ಹಿಡಿಯುತ್ತೆ. ಇದಕ್ಕೆ ಪ್ರತಿವಿಷ ಇಲ್ಲ. ಮಗು ಬಾಯಿಗೆ ಹಾಕಿಕೊಂಡ ಅನುಮಾನ ಇದ್ದರೂ ಸಾಕು, ಆಟ ಆಡ್ತಾ ಇದ್ದರೂ ಸರಿ, ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ವಾಂತಿ ಮಾಡಿಸಬೇಡಿ. ಬೀಜ ಜೊತೆಗೆ ಒಯ್ಯಿರಿ.

ಗುಲಗಂಜಿಯ ಎಲೆ ಹುಣಸೆ ಎಲೆಯ ಹಾಗೆ, ಕಾಂಡ ಸಪೂರ, ಹಳೆಯದಾದರೆ ಮರಗಟ್ಟಿರುತ್ತೆ. ಕಾಯಿ ಒಣಗಿದ ಮೇಲೆ ತಾನೇ ಬಿರಿದು ಬೀಜ ತೋರಿಸುತ್ತೆ. ಬಿರಿಯುವ ಮೊದಲೇ ಕೆಳಗೆ ಟಾರ್ಪಾಲು ಹಾಸಿ ಕಾಯಿ ಕೊಯ್ಯಿರಿ. ಬುಡ ಕಡಿದರೆ ಸಾಲದು, ಮತ್ತೆ ಚಿಗುರುತ್ತೆ, ಬೇರು ಅಗೆದು ತೆಗೆಯಬೇಕು. ಬಿದ್ದ ಬೀಜ ಹೆಕ್ಕಿ ಆಳಕ್ಕೆ ಹೂಳಿ. ಕಂಡಕಂಡಲ್ಲಿ ಎಸೆದರೆ ಮಕ್ಕಳು ಮತ್ತೆ ಹೆಕ್ಕಿ ತರ್ತಾರೆ, ದನಕರುಗಳಿಗೂ ಅದು ವಿಷವೇ.

ಎರಡನೆಯದು ಅಗ್ನಿಶಿಖೆ, ನಮ್ಮ ಕಡೆ ಗೌರಿ ಹೂವು. ಮಳೆಗಾಲದಲ್ಲಿ ಕೆಂಪು ಹಳದಿ ಜ್ವಾಲೆಯ ಹಾಗೆ ಅರಳುತ್ತೆ, ತಮಿಳುನಾಡಿನ ರಾಜ್ಯ ಪುಷ್ಪವೂ ಹೌದು. ಅದರ ಗಿಡಪೂರ್ತಿ ವಿಷ, ಗೆಡ್ಡೆಯಲ್ಲಿ ಮತ್ತೂ ಹೆಚ್ಚು. ಗೆಡ್ಡೆಯನ್ನು ಗೆಣಸು ಅಂತ ತಿಂದರೆ ಪ್ರಾಣಕ್ಕೇ ಸಂಚಕಾರ. ಬೇಲಿಯ ಮೂಲೆಯಲ್ಲಿದ್ದರೆ ಹೂವು ನೋಡ್ಕೊಂಡು ಇರಲಿ ಬಿಡಿ. ಗೆಡ್ಡೆ ಅಗೆಯುವ ಜಾಗದಲ್ಲಿ, ಸಣ್ಣ ಮಕ್ಕಳ ಕೈಗೆ ಸಿಗುವಲ್ಲಿ ಇದ್ದರೆ ಮಾತ್ರ ಕೈಗವಸು ಹಾಕಿ ಗೆಡ್ಡೆ ಸಮೇತ ತೆಗೆಯಿರಿ.

ಮೊಬೈಲ್ ಹೀಗೆ ಬಳಸಿ

ಮರ ಹತ್ತುವ, ಹತ್ತಿಸುವ ಮೊದಲು ನಾಲ್ಕೂ ದಿಕ್ಕಿನಿಂದ ಝೂಮ್ ಮಾಡಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬರಿಗಣ್ಣಿಗೆ ಕಾಣದ ಗೊಂಚಲು ಅದರಲ್ಲಿ ಕಾಣುತ್ತೆ. ಗಿಡ ಗುರುತಿಸುವ ಆ್ಯಪ್ ಹೇಳಿದ್ದನ್ನೇ ನಂಬಿ ಕೈ ಹಾಕಬೇಡಿ. ಎಲೆ, ಹೂ, ಕಾಯಿ ಮೂರರ ಫೋಟೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ ಕೇಳಿ. ಜೂನ್ 20ಕ್ಕೆ ಒಂದು ರಿಮೈಂಡರ್ ಇಡಿ: "ಹಿತ್ತಲ ಮರದ ಬುಡ ನೋಡು". ಉದುರಿದ ಬೀಜ ಒಂದೇ ಸಲಕ್ಕೆ ಹುಟ್ಟಿ ಮುಗಿಯೋದಿಲ್ಲ, ಮುಂದಿನ ಎರಡು ಮೂರು ಮಳೆಗಾಲ ಬಿಡದೆ ನೋಡಬೇಕು.

ನಸುಗುನ್ನಿಯನ್ನು ಕಂಡಲ್ಲೆಲ್ಲ ನಾಶ ಮಾಡಿ ಅಂತ ನಾನು ಹೇಳ್ತಿಲ್ಲ. ಅದು ಮಣ್ಣಿಗೆ ಸಾರಜನಕ ಸೇರಿಸುವ ಬಳ್ಳಿ. ಬೀಜದಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ಇದೆ. ಹಾಗಂತ ಮನೆಯಲ್ಲಿ ಪುಡಿ ಮಾಡಿ ತಿನ್ನಬೇಡಿ, ಅದು ಡಾಕ್ಟರ ಕೆಲಸ. ಕಾಡಿನಂಚಿನಲ್ಲಿ ಅದು ಅದರ ಪಾಡಿಗೆ ಇರಲಿ. ಜನ ಹತ್ತುವ ಮರದ ಮೇಲೆ ಬೇಡ, ಅಷ್ಟೇ.

ಅಣ್ಣನ ಕೈ ಕೂಡಿತು. ಭಾರ ಎತ್ತಿದರೆ ಈಗಲೂ ನೋಯುತ್ತೆ ಅಂತಾರೆ. ಮುಂದಿನ ಜೂನ್‌ನಲ್ಲಿ ಅವರನ್ನು ಕರೆಯದೆ ನಾನೇ ಮರದ ಬುಡ ನೋಡಿದೆ. ಹದಿನೇಳು ಸಸಿ ಸಿಕ್ಕವು, ಕಿತ್ತು ಎಸೆಯೋಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಮಿಡಿ ಕಾಲಕ್ಕೆ ಅಣ್ಣ ಬಂದಾಗ ಬುಡದಲ್ಲಿ ನಿಂತು ತಲೆ ಎತ್ತಿ ಸುತ್ತ ನೋಡಿದರು. ಈ ಸಲ ನಾನು ಅವಸರ ಮಾಡಲಿಲ್ಲ. ಅವರಾಗಿ "ಹತ್ತಾನ" ಅನ್ನೋವರೆಗೆ ಕಾದೆ.

ಮರ ಹತ್ತುವವರು ಬೇಡ ಅಂದರೆ ಬೇಡ. ಆ ಮಾತು ಕೇಳಿಸಿಕೊಳ್ಳೋದು ಯಾವ ಕೈಗವಸಿಗಿಂತಲೂ ದೊಡ್ಡ ಎಚ್ಚರಿಕೆ.